ಚಾವಣಿಯ ಬಿಸಿಲಿನಿಂದ ಕಾರಿನ ಚಕ್ರದವರೆಗೆ: ಮನೆಗೆ ಸೌರ ವಿದ್ಯುತ್, ಚಾರ್ಜರ್ ಮತ್ತು ಬ್ಯಾಟರಿ ಜೋಡಿಸುವ ಸಮಗ್ರ ಮಾರ್ಗದರ್ಶಿ

ನಡು ಮಧ್ಯಾಹ್ನ, ಸುಡುವ ಬಿಸಿಲು. ಚಾವಣಿಯ ಮೇಲೆ ಎಂಟು ಸೌರ ಫಲಕಗಳು ಥಳಥಳಿಸುತ್ತಿವೆ. ಕೆಳಗೆ ಮನೆಯೊಳಗೆ ಫ್ಯಾನ್ ನಿಂತಿದೆ, ಫ್ರಿಜ್‌ನ ಸದ್ದಿಲ್ಲ, ಗೋಡೆಯ ಇನ್ವರ್ಟರ್‌ನಲ್ಲಿ ಕೆಂಪು ದೀಪ ಮಿನುಗುತ್ತಿದೆ. ಬೀದಿಯಲ್ಲಿ ಕರೆಂಟು ಹೋಗಿದೆ. ಪರಿಚಿತರೊಬ್ಬರು ಗಾಬರಿಯಿಂದ ಫೋನ್ ಮಾಡಿದ್ದರು: "ಬಿಸಿಲು ಇದೆ, ಫಲಕ ಇದೆ, ದುಡ್ಡೂ ಕೊಟ್ಟಾಗಿದೆ. ಕರೆಂಟು ಮಾತ್ರ ಏಕಿಲ್ಲ?"

ಅವರ ಮನೆಯಲ್ಲಿ ಏನೂ ಕೆಟ್ಟಿರಲಿಲ್ಲ. ಫಲಕದ ವಿದ್ಯುತ್ತನ್ನು ಮನೆ ಬಳಸುವ ರೂಪಕ್ಕೆ ಬದಲಿಸುವ ಆ ಇನ್ವರ್ಟರ್ ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿತ್ತು. ಗ್ರಿಡ್, ಅಂದರೆ ಬೀದಿಯಿಂದ ಮನೆಗೆ ಬರುವ ವಿದ್ಯುತ್ ಜಾಲ, ಸತ್ತರೆ ತಾನೂ ನಿಲ್ಲಬೇಕು ಎಂಬುದು ಅದಕ್ಕಿರುವ ಕಟ್ಟುಪಾಡು. ಆದರೆ ಕೊಳ್ಳುವ ಮುನ್ನ ಈ ಮಾತನ್ನು ಅವರಿಗೆ ಯಾರೂ ಹೇಳಿರಲಿಲ್ಲ. ಸೌರ ಫಲಕವನ್ನು ಒಬ್ಬರಿಂದ, ಬ್ಯಾಟರಿಯನ್ನು ಇನ್ನೊಬ್ಬರಿಂದ, ಕಾರಿನ ಚಾರ್ಜರನ್ನು ಮತ್ತೊಬ್ಬರಿಂದ ಬೇರೆ ಬೇರೆ ಸಮಯದಲ್ಲಿ ಕೊಂಡ ಎಷ್ಟೋ ಮನೆಗಳಲ್ಲಿ ಇಂಥ ನಿರಾಸೆ ಕಾದಿರುತ್ತದೆ. ಈ ಮೂರೂ ಸೇರಿ ಒಂದೇ ವ್ಯವಸ್ಥೆ. ಒಂದೊಂದಾಗಿ ಕೊಂಡರೂ ಸರಿಯೇ, ಯೋಚನೆ ಮಾತ್ರ ಒಟ್ಟಿಗೇ ಆಗಬೇಕು. ಅದರಲ್ಲೂ ಒಂದು ಕ್ರಮವಿದೆ: ಮೊದಲು ಲೆಕ್ಕ, ಆಮೇಲೆ ಚಾವಣಿ, ಅನಂತರ ಇನ್ವರ್ಟರ್ ಮತ್ತು ಕಾರು, ಎಲ್ಲಕ್ಕೂ ಕೊನೆಯಲ್ಲಿ ಬ್ಯಾಟರಿ. ಹೆಚ್ಚಿನವರು ಬ್ಯಾಟರಿಯಿಂದ ಶುರು ಮಾಡುತ್ತಾರೆ. ದುಡ್ಡು ಪೋಲಾಗುವುದು ಅಲ್ಲಿಯೇ.

ಹೆಜ್ಜೆ 1: ಒಂದು ವಾರ ಮೀಟರ್ ಓದಿ

ಯಾವ ಮಾರಾಟಗಾರರನ್ನೂ ಮನೆಗೆ ಕರೆಯುವ ಮುನ್ನ ಒಂದು ನೋಟ್‌ಪುಸ್ತಕ ಹಿಡಿದು ಮೀಟರಿನ ಮುಂದೆ ನಿಲ್ಲಿ. ಸೂರ್ಯ ಏರುವ ಹೊತ್ತಿಗೆ ಒಮ್ಮೆ, ಇಳಿಯುವ ಹೊತ್ತಿಗೆ ಇನ್ನೊಮ್ಮೆ ಅಂಕಿಯನ್ನು ಬರೆದುಕೊಳ್ಳಿ. ತಿಂಗಳ ಬಿಲ್ಲು ಎಷ್ಟು ಬಳಸಿದಿರಿ ಎಂದು ಹೇಳುತ್ತದೆಯೇ ಹೊರತು ಯಾವಾಗ ಬಳಸಿದಿರಿ ಎಂದು ಹೇಳುವುದಿಲ್ಲ. ಸೌರ ವ್ಯವಸ್ಥೆಗೆ ಬೇಕಾಗಿರುವುದು ಆ "ಯಾವಾಗ" ಎಂಬುದೇ.

ಎರಡು ಅಳತೆಗಳನ್ನು ಬೇರೆ ಮಾಡಿ ನೋಡುವ ಅಭ್ಯಾಸ ಬೇಕು. ಕಿಲೊವ್ಯಾಟ್ ಎಂದರೆ ಈ ಕ್ಷಣದ ಎಳೆತ. ಯೂನಿಟ್, ಅಂದರೆ ಕಿಲೊವ್ಯಾಟ್ ಗಂಟೆ, ಆ ಎಳೆತ ಹೊತ್ತಿನೊಡನೆ ಕೂಡಿ ಆದ ಮೊತ್ತ. 2 ಕಿಲೊವ್ಯಾಟ್‌ನ ನೀರಿನ ಹೀಟರ್ ಅರ್ಧ ಗಂಟೆ ಉರಿದರೆ 1 ಯೂನಿಟ್. 10 ವ್ಯಾಟ್‌ನ ದೀಪ 100 ಗಂಟೆ ಉರಿದರೂ 1 ಯೂನಿಟ್ಟೇ. ಬ್ಯಾಟರಿಗೂ ಚಾರ್ಜರಿಗೂ ಈ ಎರಡು ಅಳತೆಗಳು ಪ್ರತ್ಯೇಕವಾಗಿ ಅನ್ವಯಿಸುತ್ತವೆ. ಇವನ್ನು ಬೆರೆಸಿ ಮಾತನಾಡುವ ಮಾರಾಟಗಾರರನ್ನು ನಾನು ನಂಬುವುದಿಲ್ಲ.

ಒಂದು ಮನೆಯನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ದಿನಕ್ಕೆ 8 ಯೂನಿಟ್ ಬಳಕೆ. ಅದರಲ್ಲಿ ಹಗಲು 3, ಸಂಜೆಯಿಂದ ಬೆಳಗಿನವರೆಗೆ 5. ಕಾರು ದಿನಕ್ಕೆ 40 ಕಿಲೋಮೀಟರ್ ಓಡುತ್ತದೆ. ಸಾಧಾರಣ ಗಾತ್ರದ ವಿದ್ಯುತ್ ಕಾರೊಂದು ಒಂದು ಯೂನಿಟ್ಟಿಗೆ 6ರಿಂದ 7 ಕಿಲೋಮೀಟರ್ ಹೋಗುತ್ತದೆ. ಹಾಗಾಗಿ 40 ಕಿಲೋಮೀಟರಿಗೆ ಕಾರಿನ ಬ್ಯಾಟರಿಯಿಂದ ಸುಮಾರು 6 ಯೂನಿಟ್ ಖರ್ಚು. ಚಾರ್ಜ್ ಆಗುವಾಗ ಶೇ 10ರಷ್ಟು ಶಾಖವಾಗಿ ಹೋಗುವುದರಿಂದ ಗೋಡೆಯ ಕಡೆಯಲ್ಲಿ ಅದು 6.7 ಯೂನಿಟ್ ಆಗುತ್ತದೆ. ಮನೆ ಮತ್ತು ಕಾರು ಸೇರಿ ದಿನಕ್ಕೆ 15 ಯೂನಿಟ್ ಎಂದಿಟ್ಟುಕೊಳ್ಳಬಹುದು.

ಈ ಪಟ್ಟಿ ಕೈಯಲ್ಲಿದ್ದಾಗ ಇನ್ನೊಂದು ಕೆಲಸವನ್ನೂ ಮಾಡಿ. ಸಂಜೆಯಿಂದ ಹಗಲಿಗೆ ಸರಿಸಬಹುದಾದ್ದೆಲ್ಲವನ್ನೂ ಗುರುತು ಹಾಕಿ: ನೀರಿನ ಹೀಟರ್, ಪಂಪ್, ಬಟ್ಟೆ ಒಗೆಯುವ ಯಂತ್ರ. ಟೈಮರ್ ಇಟ್ಟು ಇವನ್ನು ಬಿಸಿಲಿನ ಹೊತ್ತಿಗೆ ತಂದರೆ ಅಷ್ಟು ಮಟ್ಟಿಗೆ ಬ್ಯಾಟರಿಯ ಅಗತ್ಯವೇ ಇಳಿಯುತ್ತದೆ. ಟೈಮರ್‌ಗೆ ತಗಲುವ ಖರ್ಚು ಬ್ಯಾಟರಿಯ ಮುಂದೆ ಏನೇನೂ ಅಲ್ಲ.

ಹೆಜ್ಜೆ 2: ಚಾವಣಿ ಹತ್ತಿ, ನೆರಳು ಹುಡುಕಿ

ಬೆಳಿಗ್ಗೆ 9, ನಡು ಮಧ್ಯಾಹ್ನ, ಮಧ್ಯಾಹ್ನ 3. ಬಿಸಿಲಿರುವ ಒಂದು ದಿನ ಈ ಮೂರು ಹೊತ್ತಿನಲ್ಲಿ ಚಾವಣಿಯ ಒಂದೇ ಮೂಲೆಯಲ್ಲಿ ನಿಂತು ಫೋಟೊ ತೆಗೆಯಿರಿ. ಚಳಿಗಾಲದಲ್ಲಿ ಸೂರ್ಯ ಕೆಳಗೆ ಸಾಗುವುದರಿಂದ ನೆರಳು ಇನ್ನೂ ಉದ್ದವಾಗುತ್ತದೆ. ಬೇಸಿಗೆಯ ಫೋಟೊ ಒಂದನ್ನೇ ನೆಚ್ಚಿ ಕೂರಬೇಡಿ. ಪಕ್ಕದ ಮರ ಹತ್ತು ವರ್ಷದಲ್ಲಿ ಎಷ್ಟು ಎತ್ತರ ಬೆಳೆದೀತು ಎಂಬುದನ್ನೂ ಅಂದಾಜು ಮಾಡಿ.

ನೆರಳಿನ ಬಗ್ಗೆ ಇಷ್ಟು ಹಠ ಏಕೆಂದರೆ, ಫಲಕದೊಳಗಿನ ಸಿಲಿಕಾನ್ ಬಿಲ್ಲೆಗಳು ಸರಪಳಿಯಂತೆ ಒಂದರ ಹಿಂದೊಂದು ಜೋಡಣೆಯಾಗಿರುತ್ತವೆ. ಎಲ್ಲದರಲ್ಲೂ ಒಂದೇ ಪ್ರವಾಹ ಹರಿಯಬೇಕು. ಒಂದು ಬಿಲ್ಲೆಯ ಮೇಲೆ ನೆರಳು ಬಿದ್ದರೆ ಇಡೀ ಸಾಲಿನ ಪ್ರವಾಹ ಅದರ ಮಟ್ಟಕ್ಕೆ ಕುಸಿಯುತ್ತದೆ. ಅದನ್ನು ತಪ್ಪಿಸಲು ಫಲಕದಲ್ಲಿ ಸಾಮಾನ್ಯವಾಗಿ ಮೂರು ಬೈಪಾಸ್ ಡಯೋಡ್‌ಗಳಿರುತ್ತವೆ. ನೆರಳಿನ ಭಾಗವನ್ನು ಬದಿಗಿಟ್ಟು ಪ್ರವಾಹ ಸುತ್ತಿ ಹೋಗುವಂತೆ ಅವು ದಾರಿ ಮಾಡಿಕೊಡುತ್ತವೆ. ಅಂದರೆ ಅಂಗೈಯಗಲದ ನೆರಳು ಫಲಕದ ಮೂರನೇ ಒಂದು ಭಾಗವನ್ನು ಕೆಲಸದಿಂದ ಹೊರಗಿಡಬಲ್ಲದು.

ನೀರಿನ ಟ್ಯಾಂಕಿನ ಪಕ್ಕದಲ್ಲೇ ಫಲಕ ಕೂರಿಸಿದ ಮನೆಯೊಂದರ ಉತ್ಪಾದನೆಯ ರೇಖೆಯನ್ನು ಮೊಬೈಲ್‌ನಲ್ಲಿ ನೋಡಿದ್ದೇನೆ. ಬೆಳಿಗ್ಗೆಯಿಂದ ನುಣುಪಾಗಿ ಏರುವ ಗೆರೆ, ಮಧ್ಯಾಹ್ನ ಎರಡೂವರೆಗೆ ಯಾರೋ ಕಚ್ಚಿ ತೆಗೆದಂತೆ ತಟ್ಟನೆ ಕೆಳಗೆ ಬಿದ್ದು, ಅಲ್ಲಿಂದ ಸಂಜೆಯವರೆಗೆ ತಗ್ಗಿನಲ್ಲೇ ಸಾಗುತ್ತಿತ್ತು. ಫಲಕಗಳನ್ನು ಎರಡು ಮಾರು ಆಚೆ ಇಟ್ಟಿದ್ದರೆ ಆ ಕಡಿತವೇ ಇರುತ್ತಿರಲಿಲ್ಲ.

ದಿಕ್ಕಿನ ವಿಷಯ ಸುಲಭ. ಸಮಭಾಜಕ ವೃತ್ತದ ಉತ್ತರಕ್ಕಿರುವವರು ಫಲಕವನ್ನು ದಕ್ಷಿಣಕ್ಕೆ, ದಕ್ಷಿಣಕ್ಕಿರುವವರು ಉತ್ತರಕ್ಕೆ ಮುಖ ಮಾಡಿ ಇಡಬೇಕು. ಬಾಗು ಸುಮಾರು ಆ ಜಾಗದ ಅಕ್ಷಾಂಶದಷ್ಟಿದ್ದರೆ ವರ್ಷದ ಒಟ್ಟು ಇಳುವರಿ ಚೆನ್ನಾಗಿರುತ್ತದೆ. ಅಕ್ಷಾಂಶ ತೀರಾ ಕಡಿಮೆ ಇದ್ದರೂ 10 ಡಿಗ್ರಿಯಷ್ಟು ಬಾಗು ಇರಲಿ. ಮಳೆ ಬಂದಾಗ ಧೂಳು ತಾನೇ ತೊಳೆದು ಹೋಗುತ್ತದೆ. ಪೂರ್ವಕ್ಕೆ ಅರ್ಧ, ಪಶ್ಚಿಮಕ್ಕೆ ಅರ್ಧ ಇಟ್ಟರೆ ಒಟ್ಟು ಇಳುವರಿ ಸ್ವಲ್ಪ ಕಡಿಮೆಯಾದರೂ ಬೆಳಿಗ್ಗೆ, ಸಂಜೆಗಳಲ್ಲಿ ಹೆಚ್ಚು ಸಿಗುತ್ತದೆ. ಸಂಜೆ ಐದಕ್ಕೆ ಕಾರು ಮನೆಗೆ ಬರುವವರಿಗೆ ಈ ಜೋಡಣೆ ಒಳ್ಳೆಯದೇ.

ಚಾವಣಿಗೆ ದುರಸ್ತಿ ಬೇಕಿದ್ದರೆ ಈಗಲೇ ಮಾಡಿಸಿ. ಫಲಕಗಳು 25 ವರ್ಷ ಅಲ್ಲಿಯೇ ಇರುತ್ತವೆ, ಆಮೇಲೆ ಅವನ್ನು ಬಿಚ್ಚಿಸಿ ಸೋರಿಕೆ ಸರಿಪಡಿಸುವುದು ದುಬಾರಿ ಕೆಲಸ. ಭಾರಕ್ಕಿಂತ ಹೆಚ್ಚು ಚಿಂತಿಸಬೇಕಾದದ್ದು ಗಾಳಿಯ ಬಗ್ಗೆ. ಬಾಗಿಸಿ ನಿಲ್ಲಿಸಿದ ಫಲಕದ ಅಡಿಗೆ ನುಗ್ಗಿದ ಬಿರುಗಾಳಿ ಅದನ್ನು ಹಾಯಿಯಂತೆ ಮೇಲಕ್ಕೆತ್ತುತ್ತದೆ. ಆಧಾರ ಕಟ್ಟನ್ನು ಯಾವ ಗಾಳಿವೇಗಕ್ಕೆ ಲೆಕ್ಕ ಹಾಕಿದ್ದೀರಿ ಎಂದು ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ.

ಹೆಜ್ಜೆ 3: ಎಷ್ಟು ಕಿಲೊವ್ಯಾಟ್ ಬೇಕು

ಬಿಸಿಲು ಧಾರಾಳವಾಗಿರುವ ಜಾಗದಲ್ಲಿ 1 ಕಿಲೊವ್ಯಾಟ್ ಫಲಕ ದಿನಕ್ಕೆ ಸರಾಸರಿ 4 ಯೂನಿಟ್ ಕೊಡುತ್ತದೆ. ಮೋಡ ಹೆಚ್ಚಿರುವ, ಧ್ರುವದ ಕಡೆಗೆ ಸರಿದ ಜಾಗಗಳಲ್ಲಿ 3ಕ್ಕೂ ಕಡಿಮೆ. ನಮ್ಮ ಉದಾಹರಣೆಯ 15 ಯೂನಿಟ್ಟನ್ನು 4ರಿಂದ ಭಾಗಿಸಿದರೆ 3.75, ಹಾಗಾಗಿ 4 ಕಿಲೊವ್ಯಾಟ್ ಇರಲಿ. 500 ವ್ಯಾಟ್‌ನ ಎಂಟು ಫಲಕಗಳು. ಒಂದೊಂದೂ ಸುಮಾರು 2.4 ಚದರ ಮೀಟರ್ ಆಗುವುದರಿಂದ ಸುಮಾರು 20 ಚದರ ಮೀಟರ್ ಜಾಗ ಬೇಕು, ನಡುವೆ ಓಡಾಡಲು ದಾರಿ ಬೇರೆ.

ಫಲಕದ ಮೇಲೆ ಬರೆದ 500 ವ್ಯಾಟ್ ಪ್ರಯೋಗಶಾಲೆಯ ಅಂಕಿ. ಚದರ ಮೀಟರಿಗೆ 1000 ವ್ಯಾಟ್ ಬೆಳಕು, ಬಿಲ್ಲೆಯ ಉಷ್ಣಾಂಶ 25 ಡಿಗ್ರಿ ಸೆಲ್ಸಿಯಸ್ ಇರುವಾಗ ಅಳೆದದ್ದು. ಬಿಸಿಲಿನಲ್ಲಿ ಕಾದ ಫಲಕದ ಬಿಲ್ಲೆ 65 ಡಿಗ್ರಿ ಮುಟ್ಟುವುದು ಅಪರೂಪವಲ್ಲ. ಒಂದೊಂದು ಡಿಗ್ರಿಗೂ ಶೇ 0.35ರಷ್ಟು ಸಾಮರ್ಥ್ಯ ಇಳಿಯುತ್ತದೆ ಎಂದುಕೊಂಡರೆ, 40 ಡಿಗ್ರಿಗೆ ಶೇ 14 ಖೋತಾ. ಆದ್ದರಿಂದ ನಡು ಮಧ್ಯಾಹ್ನದಲ್ಲಿ 4 ಕಿಲೊವ್ಯಾಟ್‌ನ ವ್ಯವಸ್ಥೆ 3.2 ತೋರಿಸಿದರೆ ಮೋಸವಾಯಿತೆಂದು ತಿಳಿಯಬೇಡಿ. ಫಲಕದ ಬೆನ್ನಿಗೂ ಚಾವಣಿಗೂ ನಡುವೆ ಕನಿಷ್ಠ ಒಂದು ಗೇಣು ಸಂದು ಬಿಡಿಸಿ, ಗಾಳಿಯಾಡಿದಷ್ಟೂ ಇಳುವರಿ ಉಳಿಯುತ್ತದೆ.

ಬಿಸಿಲನ್ನು ವಿದ್ಯುತ್ತಾಗಿಸುವ ಸಿಲಿಕಾನ್ ಬಿಲ್ಲೆಯನ್ನು ಬೆಲ್ ಪ್ರಯೋಗಾಲಯದ ಮೂವರು 1954ರಲ್ಲಿ ಲೋಕಕ್ಕೆ ತೋರಿಸಿದಾಗ ಅದರ ದಕ್ಷತೆ ಶೇ 6ರ ಆಸುಪಾಸಿನಲ್ಲಿತ್ತು. ಇಂದು ಮನೆಯ ಚಾವಣಿಗೆ ಬರುವ ಫಲಕಗಳು ಶೇ 20 ದಾಟಿವೆ. ಇಪ್ಪತ್ತೊಂದೋ ಇಪ್ಪತ್ತೆರಡೋ ಎಂದು ತಲೆ ಕೆಡಿಸಿಕೊಳ್ಳುವ ಅಗತ್ಯವಿರುವುದು ಜಾಗ ಇಕ್ಕಟ್ಟಾದವರಿಗೆ ಮಾತ್ರ.

ಹೆಜ್ಜೆ 4: ಇನ್ವರ್ಟರ್ ಆರಿಸುವಾಗ ಕೇಳಬೇಕಾದ ಒಂದು ಪ್ರಶ್ನೆ

"ಬೀದಿಯಲ್ಲಿ ಕರೆಂಟು ಹೋದಾಗ ನನ್ನ ಮನೆಯಲ್ಲಿ ಏನು ಉರಿಯುತ್ತದೆ?" ಇದನ್ನು ಕೇಳದೆ ಮುಂಗಡ ಕೊಡಬೇಡಿ.

ಗ್ರಿಡ್‌ಗೆ ಜೋಡಿಸಿದ ಸಾಧಾರಣ ಇನ್ವರ್ಟರ್ ಬೀದಿಯ ವೋಲ್ಟೇಜನ್ನು ನೋಡಿಕೊಂಡೇ ನಡೆಯುತ್ತದೆ. ಅದು ಕಾಣದಾದಾಗ 2 ಸೆಕೆಂಡುಗಳೊಳಗೆ ನಿಂತುಬಿಡಬೇಕು ಎಂಬುದು ಮಾನದಂಡ. ಕಾರಣ ಸರಳ ಮತ್ತು ಗಂಭೀರ: ಕಂಬ ಹತ್ತಿ ದುರಸ್ತಿ ಮಾಡುತ್ತಿರುವ ಲೈನ್‌ಮನ್, ತಂತಿ ಸತ್ತಿದೆ ಎಂದು ನಂಬಿ ಕೈ ಹಾಕಿರುತ್ತಾರೆ. ನಿಮ್ಮ ಚಾವಣಿಯಿಂದ ಹರಿದ ವಿದ್ಯುತ್ ಅವರ ಜೀವ ತೆಗೆಯಬಾರದು.

ಕರೆಂಟು ವಿರಳವಾಗಿ ಹೋಗುವ ಕಡೆ ಈ ಸಾಧಾರಣ ಇನ್ವರ್ಟರ್ ಸಾಕು. ಪದೇ ಪದೇ ಹೋಗುವ ಕಡೆ ಹೈಬ್ರಿಡ್ ಇನ್ವರ್ಟರ್ ತೆಗೆದುಕೊಳ್ಳಿ. ಅದು ಗ್ರಿಡ್‌ನಿಂದ ಮನೆಯನ್ನು ಬೇರ್ಪಡಿಸಿ, ಬ್ಯಾಟರಿಯ ಆಸರೆಯಲ್ಲಿ ಆರಿಸಿದ ಕೆಲವು ಸರ್ಕ್ಯೂಟ್‌ಗಳನ್ನು ನಡೆಸುತ್ತದೆ. ಇಂದು ಬ್ಯಾಟರಿ ಬೇಡ, ನಾಳೆ ಬೇಕಾಗಬಹುದು ಎನ್ನುವವರಿಗೂ ಹೈಬ್ರಿಡ್ ಸೂಕ್ತ. ಆದರೆ ಯಾವ ಬ್ಯಾಟರಿಗಳೊಡನೆ ಅದು ಮಾತನಾಡಬಲ್ಲದು ಎಂಬ ಪಟ್ಟಿಯನ್ನು ಈಗಲೇ ಪಡೆದಿಡಿ.

ಚಾವಣಿಯ ಮೇಲೆ ಹಲವು ದಿಕ್ಕು, ತಪ್ಪಿಸಲಾಗದ ನೆರಳು ಇದ್ದರೆ ಪ್ರತಿ ಫಲಕವೂ ಉಳಿದವುಗಳ ಹಂಗಿಲ್ಲದೆ ದುಡಿಯುವಂತೆ ಮಾಡುವ ಮೈಕ್ರೊ ಇನ್ವರ್ಟರ್ ಅಥವಾ ಆಪ್ಟಿಮೈಸರ್ ಹಾಕಿಸುವುದು ಸರಿ. ನೆರಳಿಲ್ಲದ ಒಂದೇ ಮುಖದ ಚಾವಣಿಗೆ ಅದು ವ್ಯರ್ಥ ಖರ್ಚು. ಇನ್ವರ್ಟರನ್ನು ನೇರ ಬಿಸಿಲು ಬೀಳದ, ಗಾಳಿಯಾಡುವ ಗೋಡೆಗೆ ಕೂರಿಸಿ. ಮಲಗುವ ಕೋಣೆಯ ಗೋಡೆ ಬೇಡ, ಅದರ ಗುಂಯ್‌ಗುಡುವ ಸದ್ದು ನಿದ್ದೆಗೆಡಿಸುತ್ತದೆ.

ಹೆಜ್ಜೆ 5: ಕಾರಿನ ಚಾರ್ಜರ್

ಗೋಡೆಗೆ ನೇತುಹಾಕುವ ಪೆಟ್ಟಿಗೆಯನ್ನು ಚಾರ್ಜರ್ ಎಂದು ಕರೆಯುತ್ತೇವೆ. ನಿಜವಾದ ಚಾರ್ಜರ್ ಇರುವುದು ಕಾರಿನೊಳಗೆ. ದಿಕ್ಕು ಬದಲಿಸುತ್ತಲೇ ಹರಿಯುವ ಮನೆಯ ಎಸಿ ವಿದ್ಯುತ್ತನ್ನು, ಒಂದೇ ದಿಕ್ಕಿಗೆ ಹರಿಯುವ ಡಿಸಿಗೆ ಬದಲಿಸಿ ಬ್ಯಾಟರಿಗೆ ತುಂಬುವುದು ಅದೇ. ಗೋಡೆಯ ಪೆಟ್ಟಿಗೆ ಸುರಕ್ಷತೆಯ ಪರೀಕ್ಷೆ ಮಾಡಿ, "ಇಷ್ಟು ಆಂಪಿಯರ್ ಎಳೆದುಕೊಳ್ಳಬಹುದು" ಎಂದು ಕಾರಿಗೆ ತಿಳಿಸಿ, ಸ್ವಿಚ್ ಹಾಕುತ್ತದೆ. ಆದ್ದರಿಂದ ಕಾರಿನೊಳಗಿನ ಚಾರ್ಜರ್ 3.3 ಕಿಲೊವ್ಯಾಟ್‌ನದಾಗಿದ್ದರೆ 22 ಕಿಲೊವ್ಯಾಟ್‌ನ ಗೋಡೆ ಪೆಟ್ಟಿಗೆ ತಂದರೂ ವೇಗ ಹೆಚ್ಚುವುದಿಲ್ಲ. ಕಾರಿನ ಕೈಪಿಡಿಯಲ್ಲಿ ಆ ಅಂಕಿಯನ್ನು ಮೊದಲು ಹುಡುಕಿ.

230 ವೋಲ್ಟ್ ಇರುವ ಕಡೆ ಆಯ್ಕೆಗಳು ಹೀಗಿವೆ: 16 ಆಂಪಿಯರ್ ಎಂದರೆ ಸುಮಾರು 3.7 ಕಿಲೊವ್ಯಾಟ್, ಸಿಂಗಲ್ ಫೇಸ್‌ನ 32 ಆಂಪಿಯರ್ ಎಂದರೆ 7.4, ಮೂರು ಫೇಸ್‌ನ 16 ಆಂಪಿಯರ್ ಎಂದರೆ 11. ದಿನಕ್ಕೆ 6.7 ಯೂನಿಟ್ ಬೇಕಾದ ನಮ್ಮ ಕಾರಿಗೆ 3.7ರಲ್ಲಿ ಎರಡು ಗಂಟೆ ಸಾಕು. ಮನೆಗೆ ಮಂಜೂರಾದ ಲೋಡ್ 5 ಕಿಲೊವ್ಯಾಟ್ ಇರುವಾಗ 7.4ರ ಚಾರ್ಜರ್ ತಂದು, ಅದು ಮತ್ತು ಹೀಟರ್ ಒಟ್ಟಿಗೆ ಉರಿದು ಹೊರೆ ಮೀರಿದಾಗ ವಿದ್ಯುತ್ ಕಡಿಯುವ ಮುಖ್ಯ ಎಂಸಿಬಿ ಬೀಳುವುದನ್ನು ದಿನವೂ ಸಹಿಸುವುದೇಕೆ? ದೊಡ್ಡದೇ ಬೇಕಾದರೆ, ಮುಖ್ಯ ತಂತಿಗೆ ಪ್ರವಾಹ ಅಳೆಯುವ ಬಳೆ ತೊಡಿಸಿ, ಮನೆಯ ಬಳಕೆ ಏರಿದಾಗ ಕಾರಿನ ಪಾಲನ್ನು ತಾನೇ ಇಳಿಸುವ ಚಾರ್ಜರ್ ಆರಿಸಿ.

ಬಿಸಿಲಿನ ಮಿಗುತಾಯವನ್ನೇ ಕಾರಿಗೆ ಕೊಡುವ ಸೌಲಭ್ಯ ಹಲವು ಚಾರ್ಜರ್‌ಗಳಲ್ಲಿದೆ. ಮೋಡ ಬಂದಾಗ ಪ್ರವಾಹ ತಗ್ಗಿಸಿ, ಹೋದಾಗ ಏರಿಸುತ್ತದೆ. ಇದರಲ್ಲಿ ತಿಳಿದಿರಲೇಬೇಕಾದ ಒಂದು ಮಿತಿಯಿದೆ. ಕಾರು ಮತ್ತು ಚಾರ್ಜರ್ ನಡುವಿನ ಸಂಜ್ಞೆಯ ಮಾನದಂಡದ ಪ್ರಕಾರ 6 ಆಂಪಿಯರ್‌ಗಿಂತ ಕಡಿಮೆ ಪ್ರವಾಹದಲ್ಲಿ ಚಾರ್ಜ್ ಮಾಡುವಂತಿಲ್ಲ. ಸಿಂಗಲ್ ಫೇಸ್‌ನಲ್ಲಿ ಅದು ಸುಮಾರು 1.4 ಕಿಲೊವ್ಯಾಟ್. ಮೂರು ಫೇಸ್‌ನಲ್ಲಾದರೆ 4.1 ಕಿಲೊವ್ಯಾಟ್! ನಮ್ಮ ಚಾವಣಿಯ ವ್ಯವಸ್ಥೆ ಅತ್ಯುತ್ತಮ ಹೊತ್ತಿನಲ್ಲೂ ಅಷ್ಟು ಕೊಡುವುದಿಲ್ಲ. ಅಂದರೆ ಮಿಗುತಾಯದ ಚಾರ್ಜಿಂಗ್ ಒಮ್ಮೆಯೂ ಶುರುವಾಗುವುದಿಲ್ಲ. ಚಿಕ್ಕ ಸೌರ ವ್ಯವಸ್ಥೆಯವರು ಸಿಂಗಲ್ ಫೇಸ್ ಚಾರ್ಜರನ್ನು ಅಥವಾ ಅಗತ್ಯಕ್ಕೆ ತಕ್ಕಂತೆ ಒಂದು ಫೇಸ್‌ಗೆ ಇಳಿಯುವ ಚಾರ್ಜರನ್ನು ಕೊಳ್ಳಬೇಕು. ತೀರಾ ನಿಧಾನವೂ ಲಾಭವಲ್ಲ: ಚಾರ್ಜ್ ಆಗುವಷ್ಟು ಹೊತ್ತೂ ಕಾರಿನ ಸ್ವಂತ ಎಲೆಕ್ಟ್ರಾನಿಕ್ಸ್ ಎಚ್ಚರವಿದ್ದು ವಿದ್ಯುತ್ ತಿನ್ನುತ್ತಿರುತ್ತದೆ.

ಹಗಲಿಡೀ ಕಾರು ಕೆಲಸದ ಜಾಗದಲ್ಲಿದ್ದರೆ? ರಜೆಯ ಎರಡು ದಿನಗಳನ್ನು ಲೆಕ್ಕ ಹಾಕಿ. ಮನೆಯ ಹಗಲಿನ ಬಳಕೆ ಕಳೆದು ದಿನಕ್ಕೆ 12 ಯೂನಿಟ್ ಮಿಕ್ಕರೆ, ಎರಡು ದಿನಕ್ಕೆ 24. ನಷ್ಟ ಕಳೆದು ಕಾರಿಗೆ ಸುಮಾರು 21 ಯೂನಿಟ್, 140 ಕಿಲೋಮೀಟರ್. ವಾರದ ಮೂರೂವರೆ ದಿನದ ಓಡಾಟ ಅಲ್ಲಿಗೆ ತೀರಿತು. ಉಳಿದದ್ದನ್ನು ರಾತ್ರಿ ದರ ಕಡಿಮೆ ಇರುವ ಹೊತ್ತಿನಲ್ಲಿ ಗ್ರಿಡ್‌ನಿಂದ ತುಂಬಿಸಿ. ಹಗಲು ಗ್ರಿಡ್‌ಗೆ ಕೊಟ್ಟ ಯೂನಿಟ್ಟನ್ನು ಬಿಲ್ಲಿನಲ್ಲಿ ಕಳೆಯುವ ನೆಟ್ ಮೀಟರಿಂಗ್ ಇದ್ದರಂತೂ ಚಿಂತೆಯೇ ಇಲ್ಲ.

ಇನ್ನು ತಂತಿ. ಇಲ್ಲಿ ಯಾರ ಮುಲಾಜೂ ಬೇಡ. ಹೀಟರ್ ಅರ್ಧ ಗಂಟೆ ಉರಿದು ಆರುತ್ತದೆ, ಕಾರು ಗಂಟೆಗಟ್ಟಲೆ ಒಂದೇ ಸಮನೆ ಎಳೆಯುತ್ತದೆ. ಹಳೆಯ ಸಾಕೆಟ್ಟೊಂದರ ಸಡಿಲ ಹಿಡಿತದಲ್ಲಿ 0.1 ಓಮ್ ರೋಧ ಇದೆ ಎಂದುಕೊಳ್ಳಿ. 16 ಆಂಪಿಯರ್ ಹರಿದಾಗ ಅಲ್ಲಿ ಹುಟ್ಟುವ ಶಾಖ 25 ವ್ಯಾಟ್‌ಗೂ ಹೆಚ್ಚು. ಎಲೆಕ್ಟ್ರಾನಿಕ್ಸ್ ಕೆಲಸಕ್ಕೆ ಬಳಸುವ ಪುಟ್ಟ ಸೋಲ್ಡರಿಂಗ್ ಐರನ್ ಅಷ್ಟೇ ವ್ಯಾಟ್‌ನದು. ಅದನ್ನು ಪ್ಲಾಸ್ಟಿಕ್ ಸಾಕೆಟ್ಟಿನೊಳಗೆ ಚುಚ್ಚಿ ರಾತ್ರಿಯಿಡೀ ಬಿಟ್ಟಂತಾಯಿತು. ಪಿನ್ನಿನ ಸುತ್ತ ಕಂದು ಬಣ್ಣ ತಿರುಗಿದ, ಮುಟ್ಟಿದರೆ ಪುಡಿಯಾಗುವ ಸಾಕೆಟ್ಟುಗಳನ್ನು ನಾನು ಕೈಯಲ್ಲಿ ಹಿಡಿದು ನೋಡಿದ್ದೇನೆ. ಎಕ್ಸ್‌ಟೆನ್ಶನ್ ಬೋರ್ಡಿನಿಂದ ಕಾರು ಚಾರ್ಜ್ ಮಾಡಲೇಬೇಡಿ.

ಕಾರಿಗೆಂದೇ ಮುಖ್ಯ ಬೋರ್ಡಿನಿಂದ ಪ್ರತ್ಯೇಕ ತಂತಿ ಎಳೆಸಿ. 20 ಮೀಟರ್ ದೂರಕ್ಕೆ 32 ಆಂಪಿಯರ್ ಒಯ್ಯುವಾಗ 2.5 ಚದರ ಮಿಲಿಮೀಟರ್ ತಾಮ್ರದ ತಂತಿಯಲ್ಲಿ 280 ವ್ಯಾಟ್ ಶಾಖವಾಗುತ್ತದೆ. ಅದನ್ನು ಬಳಸುವ ಮಾತೇ ಇಲ್ಲ. 6 ಚದರ ಮಿಲಿಮೀಟರಿನಲ್ಲಿ ಸುಮಾರು 117 ವ್ಯಾಟ್, 10ರಲ್ಲಿ 70. ತಂತಿ ಎಳೆಯುವ ದಿನ ಒಂದು ಅಳತೆ ದಪ್ಪ ಹಾಕಿಸುವುದಕ್ಕೆ ನಾನು ಯಾವತ್ತೂ ಒತ್ತಾಯಿಸುತ್ತೇನೆ. ಸೋರುವ ವಿದ್ಯುತ್ತನ್ನು ಹಿಡಿದು ಕಡಿಯುವ 30 ಮಿಲಿಆಂಪಿಯರ್‌ನ ಆರ್‌ಸಿಡಿ ಕಡ್ಡಾಯ. ಕಾರಿನ ಕಡೆಯಿಂದ ಡಿಸಿ ಸೋರಿಕೆಯೂ ಬರಬಹುದು, ಸಾಮಾನ್ಯ ಆರ್‌ಸಿಡಿ ಅದಕ್ಕೆ ಕುರುಡಾಗುತ್ತದೆ. ಆದ್ದರಿಂದ ಒಂದೋ ಚಾರ್ಜರ್‌ನಲ್ಲೇ 6 ಮಿಲಿಆಂಪಿಯರ್ ಡಿಸಿ ಪತ್ತೆ ಇರಬೇಕು, ಇಲ್ಲವೇ ಬೋರ್ಡಿನಲ್ಲಿ ಬಿ ವರ್ಗದ ಆರ್‌ಸಿಡಿ ಇರಬೇಕು.

ಹೆಜ್ಜೆ 6: ಬ್ಯಾಟರಿ, ಬೇಕಾದಷ್ಟೇ

ಬ್ಯಾಟರಿಯಿಂದ ಎರಡು ಕೆಲಸ ಆಗುತ್ತದೆ: ಕರೆಂಟು ಹೋದಾಗ ಆಸರೆ, ಹಗಲಿನ ಬಿಸಿಲನ್ನು ಸಂಜೆಗೆ ಉಳಿಸುವುದು. ನಿಮಗೆ ಬೇಕಾದದ್ದು ಯಾವುದು ಎಂದು ಪ್ರಾಮಾಣಿಕವಾಗಿ ಹೇಳಿಕೊಳ್ಳಿ. ಕರೆಂಟು ಹೋಗುವುದೇ ಅಪರೂಪ, ನೆಟ್ ಮೀಟರಿಂಗ್ ಕೂಡ ಇದೆ ಎಂದಾದರೆ ಬ್ಯಾಟರಿ ಸದ್ಯಕ್ಕೆ ಬೇಡ. ಗ್ರಿಡ್ಡೇ ನಿಮ್ಮ ಬ್ಯಾಟರಿ. ಗ್ರಿಡ್‌ಗೆ ಕೊಟ್ಟದ್ದಕ್ಕೆ ಚಿಲ್ಲರೆ ಕಾಸು ಸಿಕ್ಕು, ಸಂಜೆ ಕೊಳ್ಳುವಾಗ ದುಬಾರಿಯಾಗುವ ಕಡೆ ಮಾತ್ರ ಲೆಕ್ಕ ಬೇರೆ.

ಗಾತ್ರದ ಲೆಕ್ಕ ಹೀಗೆ. 51.2 ವೋಲ್ಟ್, 100 ಆಂಪಿಯರ್ ಅವರ್‌ನ ಬ್ಯಾಟರಿಯಲ್ಲಿ 5.12 ಯೂನಿಟ್ ಇರುತ್ತದೆ. ಶೇ 90ರಷ್ಟು ಬಳಸಿದರೆ 4.6, ಇನ್ವರ್ಟರಿನ ನಷ್ಟ ಕಳೆದು 4.2. ಫ್ರಿಜ್, ನಾಲ್ಕು ದೀಪ, ಎರಡು ಫ್ಯಾನ್, ಇಂಟರ್ನೆಟ್ ರೂಟರ್ ಸೇರಿ ಸರಾಸರಿ 300 ವ್ಯಾಟ್ ಎಳೆದರೆ 14 ಗಂಟೆ ಬರುತ್ತದೆ. ಒಂದು ರಾತ್ರಿ ಕಳೆಯಲು ಸಾಕಾಯಿತು. ಇಷ್ಟಾದರೂ ಪಂಪ್ ನಡೆಯದೇ ಹೋಗಬಹುದು. 1 ಅಶ್ವಶಕ್ತಿಯ ಮೋಟಾರ್ ಓಡುವಾಗ 1 ಕಿಲೊವ್ಯಾಟ್ ಎಳೆದರೂ, ಶುರುವಾಗುವ ಕ್ಷಣದಲ್ಲಿ ಅದರ ಐದಾರು ಪಟ್ಟು ಪ್ರವಾಹ ಬೇಡುತ್ತದೆ. ಬ್ಯಾಟರಿಯಲ್ಲಿ ಯೂನಿಟ್ ಇದ್ದೂ, ಕಿಲೊವ್ಯಾಟ್ ಸಾಲದೆ ಇನ್ವರ್ಟರ್ ಕೈಚೆಲ್ಲುತ್ತದೆ. ಮೊದಲ ಹೆಜ್ಜೆಯಲ್ಲಿ ಎರಡು ಅಳತೆಗಳನ್ನು ಬೇರ್ಪಡಿಸಿದ್ದು ಇದಕ್ಕಾಗಿಯೇ. ಪಂಪನ್ನು ಹಗಲಿಗೆ ಬಿಡಿ.

ಮನೆಯ ಬ್ಯಾಟರಿಯಿಂದ ಕಾರು ಚಾರ್ಜ್ ಮಾಡುವ ಆಸೆ ಹಲವರಿಗಿದೆ. ದಯವಿಟ್ಟು ಬೇಡ. ಮನೆಯ ಬ್ಯಾಟರಿಗೆ ತುಂಬಿ ತೆಗೆಯುವಾಗ ಶೇ 10, ಕಾರಿಗೆ ತುಂಬುವಾಗ ಮತ್ತೆ ಶೇ 10 ಹೋಗುತ್ತದೆ. 5 ಯೂನಿಟ್‌ನ ಬ್ಯಾಟರಿ ಇಡಿಯಾಗಿ ಬರಿದಾದರೂ ಕಾರು ಮೂವತ್ತು ಕಿಲೋಮೀಟರ್ ಮುಟ್ಟುವುದಿಲ್ಲ, ಮನೆ ಮಾತ್ರ ಕತ್ತಲಾಗುತ್ತದೆ. ಚಾರ್ಜರನ್ನು ಬ್ಯಾಕಪ್ ಸರ್ಕ್ಯೂಟಿನ ಹೊರಗೇ ಇಡಿಸಿ. ಕಾರಿನ ಬ್ಯಾಟರಿಯೇ 40ರಿಂದ 60 ಯೂನಿಟ್‌ನದು; ದೊಡ್ಡ ಕೊಡವನ್ನು ತುಂಬಲು ಪುಟ್ಟ ಚೊಂಬನ್ನು ಬರಿದು ಮಾಡುವುದು ಸಲ್ಲದು. ಕೆಲವು ಕಾರುಗಳಿಂದ ತಿರುಗಿ ವಿದ್ಯುತ್ ಪಡೆಯಬಹುದು. ಕಾರಿನ ಸಾಕೆಟ್ಟಿಗೆ ಫ್ರಿಜ್ಜನ್ನೋ ದೀಪವನ್ನೋ ನೇರವಾಗಿ ಚುಚ್ಚುವುದು ಸುಲಭ. ಇಡೀ ಮನೆಗೆ ಹರಿಸಬೇಕೆಂದರೆ ಎರಡೂ ಕಡೆಗೆ ಹರಿಸಬಲ್ಲ ಚಾರ್ಜರ್, ಗ್ರಿಡ್‌ನಿಂದ ಬೇರ್ಪಡಿಸುವ ಸ್ವಿಚ್, ಅದಕ್ಕೊಪ್ಪುವ ಕಾರು ಮೂರೂ ಬೇಕು.

ಯಾವ ಬಗೆಯ ಬ್ಯಾಟರಿ ಎಂದರೆ, ನನ್ನ ಆಯ್ಕೆ ಲಿಥಿಯಂ ಐರನ್ ಫಾಸ್ಫೇಟ್, ಎಲ್‌ಎಫ್‌ಪಿ. ಲಿಥಿಯಂ ಬಗೆಗಳಲ್ಲಿ ಬಿಸಿಗೆ ಕೆರಳುವುದು ಇದರಲ್ಲಿ ಕಡಿಮೆ, ಸಾವಿರಾರು ಸಲ ತುಂಬಿ ಬರಿದು ಮಾಡಿದರೂ ತಾಳುತ್ತದೆ. ಈ ರಸಾಯನವನ್ನು 1990ರ ದಶಕದಲ್ಲಿ ಬೆಳಕಿಗೆ ತಂದದ್ದು ಅಮೆರಿಕದ ವಿಜ್ಞಾನಿ ಜಾನ್ ಗುಡ್‌ಇನಫ್ ಅವರ ತಂಡ. ಲಿಥಿಯಂ ಬ್ಯಾಟರಿಯ ಕೆಲಸಕ್ಕಾಗಿ 2019ರಲ್ಲಿ, 97ನೇ ವಯಸ್ಸಿನಲ್ಲಿ, ಅವರು ನೊಬೆಲ್ ಹಂಚಿಕೊಂಡರು. ಸೀಸದ ಬ್ಯಾಟರಿ ಅಗ್ಗ, ಆದರೆ ಅರ್ಧಕ್ಕಿಂತ ಹೆಚ್ಚು ಬರಿದು ಮಾಡಿದರೆ ಬೇಗ ಸಾಯುತ್ತದೆ, ಚಾರ್ಜ್ ಆಗುವಾಗ ಜಲಜನಕ ಬಿಡುವುದರಿಂದ ಗಾಳಿಯಾಡುವ ಜಾಗ ಬೇಕೇ ಬೇಕು. ಎಲ್‌ಎಫ್‌ಪಿಯನ್ನು 0 ಡಿಗ್ರಿಗಿಂತ ತಣ್ಣಗಿರುವಾಗ ಚಾರ್ಜ್ ಮಾಡಬಾರದು. ಹಿಮ ಬೀಳುವ ಕಡೆ ಅದನ್ನು ಒಳಗಿಡಿ. ಎಲ್ಲಿಟ್ಟರೂ ಮಲಗುವ ಕೋಣೆ, ಮೆಟ್ಟಿಲಿನ ಅಡಿ, ಹೊರಗೋಡುವ ದಾರಿ ಈ ಮೂರು ಜಾಗ ಬೇಡ.

ಹೆಜ್ಜೆ 7: ಅನುಮತಿ ಮತ್ತು ದರಪಟ್ಟಿ

ಗ್ರಿಡ್‌ಗೆ ಜೋಡಿಸಲು ವಿದ್ಯುತ್ ಸರಬರಾಜು ಸಂಸ್ಥೆಯ ಲಿಖಿತ ಅನುಮತಿ ಬೇಕು. ಎಷ್ಟು ಕಿಲೊವ್ಯಾಟ್‌ವರೆಗೆ ಬಿಡುತ್ತಾರೆ, ಗ್ರಿಡ್‌ಗೆ ಹರಿಸುವುದಕ್ಕೆ ಮಿತಿ ಇದೆಯೇ, ಮೀಟರ್ ಯಾರು ಬದಲಿಸುತ್ತಾರೆ ಎಂದು ಸಾಮಾನು ಕೊಳ್ಳುವ ಮೊದಲೇ ಕೇಳಿ. ಚಾರ್ಜರ್ ಮತ್ತು ಬ್ಯಾಟರಿಯನ್ನೂ ಅದೇ ಅರ್ಜಿಯಲ್ಲಿ ತೋರಿಸಿದರೆ ಎರಡನೇ ಸಲ ಅಲೆಯುವುದು ತಪ್ಪುತ್ತದೆ. ಮನೆಯ ವಿಮೆಗೂ ತಿಳಿಸಿ.

ದರಪಟ್ಟಿಯಲ್ಲಿ ಒಟ್ಟು ಮೊತ್ತವನ್ನಷ್ಟೇ ನೋಡಬೇಡಿ. ಫಲಕ, ಇನ್ವರ್ಟರ್, ಬ್ಯಾಟರಿಯ ಮಾದರಿ ಸಂಖ್ಯೆ, ತಂತಿಯ ದಪ್ಪ, ಸಿಡಿಲಿನ ಹೊಡೆತ ತಡೆಯುವ ಸಾಧನ, ಅರ್ಥಿಂಗ್, ವರ್ಷಕ್ಕೆ ಎಷ್ಟು ಯೂನಿಟ್ ಬರುತ್ತದೆ ಎಂಬ ಅಂದಾಜು ಇವೆಲ್ಲ ಬರೆದಿರಬೇಕು. ಫಲಕದ 25 ವರ್ಷದ ಭರವಸೆ ಸಾಮಾನ್ಯವಾಗಿ ಇಳುವರಿಯ ಬಗ್ಗೆ. ಫಲಕವೇ ಒಡೆದರೆ, ನೀರು ನುಗ್ಗಿದರೆ ಬದಲಿ ಕೊಡುವ ಭರವಸೆ ಬೇರೆ, ಅದರ ಅವಧಿಯೂ ಬೇರೆ. ಇನ್ವರ್ಟರ್ 10ರಿಂದ 15 ವರ್ಷ ಬಾಳುವ ವಸ್ತು. ಫಲಕದ ಆಯುಷ್ಯದಲ್ಲಿ ಒಮ್ಮೆ ಬದಲಿಸಲು ಹಣ ತೆಗೆದಿಡಬೇಕು.

ಹೆಜ್ಜೆ 8: ಅಳವಡಿಸುವ ದಿನ ಮನೆಯಲ್ಲೇ ಇರಿ

ಈ ಕೆಲಸವನ್ನು ಪರವಾನಗಿ ಇರುವವರೇ ಮಾಡಲಿ. ಎಂಟು ಫಲಕ ಸಾಲಾಗಿ ಸೇರಿದರೆ 400 ವೋಲ್ಟ್ ಡಿಸಿ. ಬೆಳಕು ಇರುವಷ್ಟು ಹೊತ್ತು ಅದನ್ನು ಆರಿಸುವ ಸ್ವಿಚ್ ಇಲ್ಲ. ಮುಖ್ಯ ಸ್ವಿಚ್ ಕೆಳಗಿಳಿಸಿದರೂ ಫಲಕದ ತಂತಿಯಲ್ಲಿ ಜೀವ ಇರುತ್ತದೆ. ಎಸಿ ವಿದ್ಯುತ್ ಸೆಕೆಂಡಿಗೆ ನೂರು ಸಲ ಸೊನ್ನೆ ಮುಟ್ಟುವುದರಿಂದ ಕಿಡಿ ತಾನೇ ಆರುತ್ತದೆ. ಡಿಸಿಗೆ ಆ ಸೊನ್ನೆಯೇ ಇಲ್ಲ, ಒಮ್ಮೆ ಹೊತ್ತಿದ ಕಿಡಿ ಎಳೆದುಕೊಂಡು ಉರಿಯುತ್ತದೆ. ಹಾಗಾಗಿ ಎಸಿಗೆ ಮಾಡಿದ ಸ್ವಿಚ್ಚನ್ನು ಡಿಸಿ ಕಡೆಗೆ ಹಾಕಬಾರದು, ಹೊರೆ ಇರುವಾಗ ಫಲಕದ ಕನೆಕ್ಟರ್ ಎಳೆಯಬಾರದು, ಬೇರೆ ಬೇರೆ ತಯಾರಕರ ಗಂಡು ಹೆಣ್ಣು ಕನೆಕ್ಟರ್‌ಗಳನ್ನು ಜೋಡಿಸಬಾರದು. ನೋಡಲು ಕೂಡುತ್ತವೆ, ಒಳಗೆ ಹಿಡಿತ ಸಡಿಲವಿದ್ದು ಬಿಸಿಯೇರುತ್ತವೆ.

ಕೆಲಸ ಮುಗಿದ ಮೇಲೆ ಪ್ರತಿ ಸಾಲಿನ ವೋಲ್ಟೇಜ್, ಇನ್ಸುಲೇಶನ್ ರೋಧ, ಅರ್ಥಿಂಗ್ ಅಳತೆಗಳನ್ನು ನಿಮ್ಮೆದುರೇ ತೆಗೆಸಿ, ಸಹಿ ಮಾಡಿದ ಹಾಳೆಯಲ್ಲಿ ಪಡೆಯಿರಿ. ಆರ್‌ಸಿಡಿಯ ಪರೀಕ್ಷಾ ಗುಂಡಿಯನ್ನು ನೀವೇ ಒತ್ತಿ ನೋಡಿ. ಬ್ಯಾಕಪ್ ಇದ್ದರೆ ಮುಖ್ಯ ಸ್ವಿಚ್ ಇಳಿಸಿಸಿ, ಯಾವ ಕೋಣೆ ಉಳಿಯಿತು, ಯಾವುದು ಕತ್ತಲಾಯಿತು ಎಂದು ಮನೆಯವರೆಲ್ಲ ಓಡಾಡಿ ನೋಡಿ. ಫಲಕಗಳ ಕ್ರಮ ಸಂಖ್ಯೆಯ ಫೋಟೊ, ಇನ್ವರ್ಟರ್ ಮತ್ತು ಆ್ಯಪ್‌ನ ಪಾಸ್‌ವರ್ಡ್ ನಿಮ್ಮ ಕೈಗೆ ಬಂದ ಮೇಲೆಯೇ ಕೊನೆಯ ಕಂತು ಕೊಡಿ.

ಹೆಜ್ಜೆ 9: ಆಮೇಲಿನ ಆರೈಕೆ

ಮೊದಲ ತಿಂಗಳು ದಿನದ ಉತ್ಪಾದನೆಯನ್ನು ಬರೆದಿಡಿ. ಮುಂದಿನ ವರ್ಷ ಅದೇ ತಿಂಗಳಿನ ಅಂಕಿಯ ಪಕ್ಕ ಇಟ್ಟು ನೋಡಲು ಅದೇ ಅಳತೆಗೋಲು. ವರ್ಷಕ್ಕೆ ಶೇ ಅರ್ಧದಷ್ಟು ಇಳಿಯುವುದು ಸಹಜ. ಒಂದೇ ತಿಂಗಳಲ್ಲಿ ಶೇ 15 ಬಿದ್ದರೆ ಧೂಳು, ಹೊಸ ನೆರಳು ಅಥವಾ ಸತ್ತ ಸಾಲು ಯಾವುದೆಂದು ಹುಡುಕಬೇಕು. ತೊಳೆಯುವುದು ಬೆಳಿಗ್ಗೆ, ಫಲಕ ತಣ್ಣಗಿರುವಾಗ, ಮೃದು ಬಟ್ಟೆ ಮತ್ತು ಬರಿಯ ನೀರಿನಿಂದ. ಕಾದ ಗಾಜಿನ ಮೇಲೆ ತಣ್ಣೀರು ಸುರಿದರೆ ಬಿರುಕು ಬಿಡಬಹುದು. ಫಲಕದ ಮೇಲೆ ಕಾಲಿಡಬೇಡಿ. ಗಾಜು ಒಡೆಯದಿದ್ದರೂ ಒಳಗಿನ ಬಿಲ್ಲೆ ಕೂದಲೆಳೆಯಷ್ಟು ಸೀಳಿ, ವರ್ಷಗಳ ನಂತರ ಇಳುವರಿ ತಿನ್ನುತ್ತದೆ.

ಕಾರನ್ನು ದಿನನಿತ್ಯ ಶೇ 80ರವರೆಗೆ ತುಂಬಿದರೆ ನಿಕಲ್ ಬೆರೆತ ಲಿಥಿಯಂ ಬಗೆಯ ಬ್ಯಾಟರಿ ಹೆಚ್ಚು ಕಾಲ ಬಾಳುತ್ತದೆ. ಕಾರಿನಲ್ಲಿ ಎಲ್‌ಎಫ್‌ಪಿ ಇದ್ದರೆ ಆಗಾಗ 100 ಮುಟ್ಟಿಸಿ, ಇಲ್ಲವಾದರೆ ಉಳಿದ ಚಾರ್ಜ್ ಎಷ್ಟೆಂಬ ಅದರ ಅಂದಾಜೇ ತಪ್ಪುತ್ತದೆ. ಆರು ತಿಂಗಳಿಗೊಮ್ಮೆ, ಕಾರು ಒಂದು ಗಂಟೆ ಚಾರ್ಜ್ ಆದ ಮೇಲೆ, ಚಾರ್ಜರ್‌ನ ಹೊರಮೈ ಮತ್ತು ಪ್ಲಗ್‌ನ ಹಿಡಿಕೆಯನ್ನು ಕೈಯಿಂದ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಸರಿ. ಕೈ ಇಡಲಾರದಷ್ಟು ಬಿಸಿಯಿದ್ದರೆ ಅಂದೇ ನಿಲ್ಲಿಸಿ ಎಲೆಕ್ಟ್ರಿಷಿಯನ್ನರನ್ನು ಕರೆಸಿ, ತಿರುಪುಗಳನ್ನು ಬಿಗಿ ಮಾಡಿಸಿ.